ಯುಮೆನ್ ಮರುಭೂಮಿಯ 119 ಗುಂಡಿಗಳು: ದಿನಾ ನೋಡುವ ಪುಟ್ಟ ಉಪಗ್ರಹಗಳಿಗೆ ಸಿಕ್ಕ ಒಂದು ಪ್ರಕರಣ

ಚೀನಾದ ವಾಯವ್ಯ ಭಾಗದಲ್ಲಿ ಗಾನ್ಸು ಅನ್ನುವ ಪ್ರಾಂತ್ಯವಿದೆ. ಅಲ್ಲಿನ ಯುಮೆನ್ ಹಿಂದೆ ಪೆಟ್ರೋಲಿಯಂ ಬಾವಿಗಳಿಗೆ ಹೆಸರಾದ ಊರು. ಸುತ್ತ ಗೋಬಿ ಮರುಭೂಮಿಯ ಬರಡು ನೆಲ. ಮಳೆ ಕಡಿಮೆ, ಜನ ಕಡಿಮೆ. ಅಂಥ ಜಾಗದಲ್ಲಿ 2020ರ ಮಾರ್ಚ್ ಹೊತ್ತಿಗೆ ನೆಲ ಅಗೆಯುವ ಕೆಲಸ ಶುರುವಾಯಿತು. ಒಂದೆರಡು ಕಡೆ ಮಾತ್ರ ಆಗಿದ್ದರೆ ಗಣಿಯೋ ಕಾರ್ಖಾನೆಯೋ ಅಂದುಕೊಳ್ಳಬಹುದಿತ್ತು. ಆದರೆ ಸುಮಾರು 3 ಕಿಲೋಮೀಟರಿಗೆ ಒಂದರಂತೆ, ಅಂಗಳದಲ್ಲಿ ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ ಗುಂಡಿಗಳು ಹರಡುತ್ತಾ ಹೋದವು. ಒಟ್ಟು ಹರವು 1,800 ಚದರ ಕಿಲೋಮೀಟರ್ ಆಸುಪಾಸು. ಬಿಬಿಎಂಪಿ ಇದ್ದಾಗ ಅದರ ವ್ಯಾಪ್ತಿ ಎಷ್ಟಿತ್ತೋ ಅದರ ಎರಡು ಪಟ್ಟಿಗಿಂತ ಜಾಸ್ತಿ.

2021ರ ಜೂನ್ 30ರಂದು ವಾಷಿಂಗ್ಟನ್ ಪೋಸ್ಟ್ ಪತ್ರಿಕೆಯಲ್ಲಿ ಈ ಸುದ್ದಿ ಬಂತು. ಅಲ್ಲಿ ಕಟ್ಟುತ್ತಿರುವುದು ಖಂಡಾಂತರ ಕ್ಷಿಪಣಿಗಳ ಸೈಲೊಗಳು, ಅಂದರೆ ಕ್ಷಿಪಣಿಯನ್ನು ನೆಟ್ಟಗೆ ನಿಲ್ಲಿಸಿ ಅಲ್ಲಿಂದಲೇ ಹಾರಿಸುವ ಆಳದ ಕಾಂಕ್ರೀಟ್ ಬಾವಿಗಳು. ಲೆಕ್ಕಕ್ಕೆ ಸಿಕ್ಕಿದ್ದು 119. ಆಮೇಲೆ ಅದು 120 ಆಯಿತು. ಅಲ್ಲಿಯವರೆಗೆ ದಶಕಗಳ ಕಾಲ ಚೀನಾದ ಬಳಿ ಇದ್ದ ಇಂಥ ಬಾವಿಗಳು ಸುಮಾರು 20 ಅಷ್ಟೇ. ಹಳೆಯ ಡಿಎಫ್-5 ಕ್ಷಿಪಣಿಗಳು ಅವುಗಳಲ್ಲಿದ್ದವು. ಈ ಹಿನ್ನೆಲೆ ಗೊತ್ತಿದ್ದರೆ 119 ಅನ್ನುವ ಸಂಖ್ಯೆ ಜಗತ್ತನ್ನು ಯಾಕೆ ಬೆಚ್ಚಿಬೀಳಿಸಿತು ಅಂತ ಅರ್ಥವಾಗುತ್ತದೆ.

ಇದನ್ನು ಜಗತ್ತಿಗೆ ತೋರಿಸಿದವರು ಗೂಢಚಾರರಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ಮಿಡಲ್‌ಬರಿ ಸಂಸ್ಥೆಯ ಜೆಫ್ರಿ ಲೂಯಿಸ್ ಮತ್ತು ಅವರ ಜೊತೆ ಕೆಲಸ ಮಾಡುತ್ತಿದ್ದ ಡೆಕರ್ ಎವಲೆತ್ ಅನ್ನುವ ಯುವ ಸಂಶೋಧಕ. ಅವರು ನೋಡಿದ್ದು ಪ್ಲಾನೆಟ್ ಲ್ಯಾಬ್ಸ್ ಅನ್ನುವ ಖಾಸಗಿ ಕಂಪನಿ ಮಾರುವ ಚಿತ್ರಗಳನ್ನು. ಆ ಚಿತ್ರಗಳಲ್ಲಿ ಹೆಚ್ಚಿನವನ್ನು ತೆಗೆದಿದ್ದು ಬೂಟಿನ ಪೆಟ್ಟಿಗೆಯಷ್ಟು ಗಾತ್ರದ ಉಪಗ್ರಹಗಳು.

ಈ ಪ್ರಕರಣದ ಬಗ್ಗೆ ವಿವರವಾಗಿ ಬರೆಯಬೇಕು ಅನ್ನಿಸಿದ್ದಕ್ಕೆ ಒಂದು ಕಾರಣವಿದೆ. ಉಪಗ್ರಹದ ಮಾತು ಬಂದಾಗಲೆಲ್ಲ ನಾವು ಕೇಳುವ ಮೊದಲ ಪ್ರಶ್ನೆ, ಎಷ್ಟು ಚಿಕ್ಕ ವಸ್ತು ಕಾಣುತ್ತದೆ ಅನ್ನುವುದು. ಕಾರಿನ ನಂಬರ್ ಪ್ಲೇಟ್ ಕಾಣುತ್ತದಾ, ಮನುಷ್ಯ ಕಾಣುತ್ತಾನಾ ಅಂತ. ಯುಮೆನ್‌ನಲ್ಲಿ ಕೆಲಸಕ್ಕೆ ಬಂದಿದ್ದು ಬೇರೆ ಗುಣ. ಅದೇ ಜಾಗವನ್ನು ಪದೇ ಪದೇ, ಬೇಸರವಿಲ್ಲದೆ ನೋಡುವುದು.

ಒಂದೇ ರಾಕೆಟ್‌ನಲ್ಲಿ ಎರಡು ಬಗೆಯ ಕಣ್ಣು

ಈ ಕಥೆಯ ಒಂದು ತುದಿ ನಮ್ಮ ಕಡೆಯೇ ಇದೆ. 2017ರ ಫೆಬ್ರವರಿ 15ರ ಬೆಳಿಗ್ಗೆ ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ-ಸಿ37 ಮೇಲೇರಿತು. ಒಂದೇ ಸಲಕ್ಕೆ 104 ಉಪಗ್ರಹ. ಅದಕ್ಕೂ ಮುಂಚೆ ಇದ್ದ ದಾಖಲೆ ರಷ್ಯಾದ ರಾಕೆಟ್ಟಿನದು, 37. ಆಗ ಇಸ್ರೋ ಅಧ್ಯಕ್ಷರಾಗಿದ್ದವರು ಹಾಸನ ಜಿಲ್ಲೆಯ ಆಲೂರಿನ ಎ.ಎಸ್. ಕಿರಣ್ ಕುಮಾರ್. ನಮ್ಮ ಭೂವೀಕ್ಷಣಾ ಉಪಗ್ರಹಗಳ ಕ್ಯಾಮೆರಾಗಳ ಹಿಂದೆ ದಶಕಗಳ ಕಾಲ ದುಡಿದವರು ಅವರು. ಆ ದಿನ ನಾವೆಲ್ಲ 104 ಅನ್ನುವ ಸಂಖ್ಯೆಯನ್ನು ಹಿಡಿದು ಸಂಭ್ರಮಿಸಿದೆವು. ಅದರೊಳಗಿದ್ದ 88 ಅನ್ನುವ ಸಂಖ್ಯೆಯ ಬಗ್ಗೆ ಜಾಸ್ತಿ ಮಾತಾಗಲಿಲ್ಲ.

ಮುಖ್ಯ ಉಪಗ್ರಹ ಕಾರ್ಟೊಸ್ಯಾಟ್-2 ಸರಣಿಯದು. ತೂಕ 714 ಕಿಲೊ. ಒಂದು ಮೀಟರಿಗಿಂತ ಚಿಕ್ಕ ವಸ್ತುವನ್ನೂ ಬಿಡಿಸಿ ತೋರಿಸುವ ಚೂಪು ಕಣ್ಣು. ಅದರ ಜೊತೆಯಲ್ಲೇ ಪ್ಲಾನೆಟ್ ಕಂಪನಿಯ 88 ಉಪಗ್ರಹಗಳು ಹೋದವು. ಒಂದೊಂದೂ 5 ಕಿಲೊಗಿಂತ ಕಡಿಮೆ. ಹತ್ತು ಸೆಂಟಿಮೀಟರ್ ಅಗಲ, ಹತ್ತು ಸೆಂಟಿಮೀಟರ್ ದಪ್ಪ, ಮೂವತ್ತು ಸೆಂಟಿಮೀಟರ್ ಉದ್ದ. ಕಂಪನಿ ಇವನ್ನು ಪಾರಿವಾಳ ಅನ್ನುವ ಅರ್ಥದಲ್ಲಿ 'ಡವ್' ಅಂತ ಕರೆಯುತ್ತದೆ. ಒಟ್ಟಿಗೆ ಹಾರಿಸುವ ಗುಂಪಿಗೆ 'ಫ್ಲಾಕ್', ಅಂದರೆ ಹಿಂಡು. ಇವುಗಳ ಕಣ್ಣು ಅಷ್ಟೇನೂ ಚೂಪಲ್ಲ. ಚಿತ್ರದ ಒಂದು ಚುಕ್ಕಿ ನೆಲದ ಮೇಲೆ 3ರಿಂದ 4 ಮೀಟರ್. ಲಾರಿ ಒಂದೆರಡು ಚುಕ್ಕಿಗಳಲ್ಲಿ ಮುಗಿದುಹೋಗುತ್ತದೆ. ಮನುಷ್ಯ ಕಾಣುವುದೇ ಇಲ್ಲ.

ಪ್ಲಾನೆಟ್ ಶುರುವಾಗಿದ್ದು 2010ರಲ್ಲಿ. ವಿಲ್ ಮಾರ್ಷಲ್, ರಾಬಿ ಶಿಂಗ್ಲರ್, ಕ್ರಿಸ್ ಬೊಷೈಸನ್ ಅನ್ನುವ ಮೂವರು ನಾಸಾದ ಏಮ್ಸ್ ಕೇಂದ್ರದಲ್ಲಿದ್ದವರು. ಕ್ಯಾಲಿಫೋರ್ನಿಯಾದ ಕ್ಯುಪರ್ಟಿನೊದಲ್ಲಿ ಒಂದು ಗ್ಯಾರೇಜಿನಲ್ಲಿ ಕೆಲಸ ಆರಂಭಿಸಿದರು. ಮೊಬೈಲ್ ಫೋನಿನೊಳಗೆ ಬಳಸುವಂಥ ಅಗ್ಗದ ಬಿಡಿಭಾಗಗಳು ಬಾಹ್ಯಾಕಾಶದಲ್ಲಿ ಕೆಲಸ ಮಾಡುತ್ತವಾ ಅಂತ ನಾಸಾದಲ್ಲಿ ಆಗಲೇ ಪರೀಕ್ಷೆ ನಡೆದಿತ್ತು. ಕೆಲಸ ಮಾಡುತ್ತವೆ ಅಂತಾದಮೇಲೆ ಯೋಚನೆಯ ದಾರಿಯೇ ಬದಲಾಯಿತು. ಹತ್ತು ವರ್ಷ ಬಾಳುವ ಒಂದು ದುಬಾರಿ ಉಪಗ್ರಹ ಕಟ್ಟುವ ಬದಲು, ಎರಡು ಮೂರು ವರ್ಷ ಬಾಳುವ ನೂರು ಉಪಗ್ರಹ ಕಟ್ಟುವುದು. ಕೆಲವು ಕೆಟ್ಟರೆ ಉಳಿದವು ಇರುತ್ತವೆ. ಮುಂದಿನ ಹಿಂಡಿನಲ್ಲಿ ಇನ್ನೂ ಒಳ್ಳೆಯ ಕ್ಯಾಮೆರಾ ಹಾಕಬಹುದು. 2014ರ ಅಕ್ಟೋಬರ್ 28ರಂದು ಅಮೆರಿಕದ ಅಂಟಾರಿಸ್ ರಾಕೆಟ್ ನೆಲ ಬಿಟ್ಟ ಕೆಲವೇ ಸೆಕೆಂಡಿನಲ್ಲಿ ಸ್ಫೋಟಗೊಂಡಾಗ ಅದರಲ್ಲಿದ್ದ 26 ಡವ್‌ಗಳು ಸುಟ್ಟುಹೋದವು. ಇರುವ ಒಂದೇ ದೊಡ್ಡ ಉಪಗ್ರಹವನ್ನು ಹಾಗೆ ಕಳೆದುಕೊಂಡಿದ್ದರೆ ಕಂಪನಿ ಬಾಗಿಲು ಹಾಕಬೇಕಾಗುತ್ತಿತ್ತೇನೋ. ಇವರು ಮುಂದಿನ ಹಿಂಡು ಕಟ್ಟಿದರು.

88 ಯಾಕೆ?

ಈ ಲೆಕ್ಕ ನನಗೆ ತುಂಬಾ ಇಷ್ಟ. ಪೇಪರು ಪೆನ್ನು ಇದ್ದರೆ ಯಾರು ಬೇಕಾದರೂ ಮಾಡಿ ನೋಡಬಹುದು.

ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಉಪಗ್ರಹ ಭೂಮಿಯನ್ನು ಒಂದು ಸುತ್ತು ಹಾಕಲು ಒಂದೂವರೆ ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಡವ್‌ಗಳು ಧ್ರುವದಿಂದ ಧ್ರುವಕ್ಕೆ ಸುತ್ತುತ್ತವೆ. ಅವು ಸುತ್ತುತ್ತಿರುವಾಗ ಕೆಳಗೆ ಭೂಮಿಯೂ ತಿರುಗುತ್ತಿರುತ್ತದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ಸಮಭಾಜಕದ ಹತ್ತಿರ ನೆಲ 2,600 ಕಿಲೋಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಆರಂಭದ ಡವ್‌ನ ಕ್ಯಾಮೆರಾಕ್ಕೆ ಒಮ್ಮೆಗೆ ಕಾಣುತ್ತಿದ್ದ ಅಗಲ ಸುಮಾರು 24 ಕಿಲೋಮೀಟರ್. ಒಂದೇ ಉಪಗ್ರಹ ಇದ್ದರೆ 24 ಕಿಲೋಮೀಟರಿನ ಒಂದು ಪಟ್ಟಿ, ಆಮೇಲೆ ದೊಡ್ಡ ಖಾಲಿ, ಮತ್ತೊಂದು ಪಟ್ಟಿ. ಆ ಖಾಲಿ ತುಂಬಬೇಕಾದರೆ 2,600ನ್ನು 24ರಿಂದ ಭಾಗಿಸಿ. ನೂರಕ್ಕೂ ಹೆಚ್ಚು ಉಪಗ್ರಹ ಬೇಕು. ಒಂದರ ಹಿಂದೆ ಒಂದು ಸಾಲಾಗಿ ಹೋದರೆ, ಮೊದಲಿನದು ಬಿಟ್ಟ ಪಕ್ಕದ ಪಟ್ಟಿಯನ್ನು ಹಿಂದಿನದು ಹಿಡಿಯುತ್ತದೆ. ಇಡೀ ಸಾಲು ಹಾದುಹೋಗುವಷ್ಟರಲ್ಲಿ ಒಂದು ಅಂಚೂ ಬಿಟ್ಟುಹೋಗಿರುವುದಿಲ್ಲ. ಹೊಲ ಉಳುವಾಗ ಒಂದರ ಪಕ್ಕ ಒಂದು ಸಾಲು ಬೀಳುತ್ತದಲ್ಲ, ಹಾಗೆ. ಆ ನೂರರ ಗಡಿ ದಾಟಿಸಿದ್ದು ಪಿಎಸ್‌ಎಲ್‌ವಿ ಹೊತ್ತ 88. ಅದೇ ವರ್ಷದ ನವೆಂಬರಿನಲ್ಲಿ ಕಂಪನಿ ಭೂಮಿಯ ಇಡೀ ನೆಲಭಾಗದ ಚಿತ್ರವನ್ನು ದಿನವೂ ತೆಗೆಯುತ್ತಿದ್ದೇವೆ ಅಂತ ಘೋಷಿಸಿತು.

ಇಲ್ಲೊಂದು ಸೊಗಸಾದ ಉಪಾಯವಿದೆ. ಡವ್‌ಗಳಲ್ಲಿ ತಳ್ಳುವ ಎಂಜಿನ್ ಇರಲಿಲ್ಲ. ರಾಕೆಟ್ ಎಲ್ಲವನ್ನೂ ಒಂದೇ ಜಾಗದಲ್ಲಿ ಗುಂಪಾಗಿ ಬಿಟ್ಟುಬಿಡುತ್ತದೆ. ಇಂಧನ ಇಲ್ಲದೆ ಅವನ್ನು ಸಮ ಅಂತರದ ಸಾಲಾಗಿ ಹೇಗೆ ನಿಲ್ಲಿಸುವುದು? ಅಷ್ಟು ಎತ್ತರದಲ್ಲೂ ಅತಿ ತೆಳುವಾದ ಗಾಳಿ ಇರುತ್ತದೆ. ಉಪಗ್ರಹ ತನ್ನ ಸೋಲಾರ್ ಫಲಕಗಳನ್ನು ಗಾಳಿಗೆ ಎದುರಾಗಿ ಒಡ್ಡಿದರೆ ಸ್ವಲ್ಪ ತಡೆ ಜಾಸ್ತಿ. ಅಂಚನ್ನು ಒಡ್ಡಿದರೆ ತಡೆ ಕಡಿಮೆ. ತಡೆ ಜಾಸ್ತಿ ಆದದ್ದು ತುಸು ಕೆಳಗಿಳಿಯುತ್ತದೆ. ಕೆಳಗಿನ ಕಕ್ಷೆಯಲ್ಲಿ ಸುತ್ತು ಬೇಗ ಮುಗಿಯುವುದರಿಂದ ಅದು ಜೊತೆಯವರಿಗಿಂತ ಮುಂದೆ ಹೋಗುತ್ತದೆ. ಹಾಗೆ ಮೈ ತಿರುಗಿಸಿ ತಿರುಗಿಸಿಯೇ ವಾರಗಟ್ಟಲೆ, ತಿಂಗಳುಗಟ್ಟಲೆ ತೆಗೆದುಕೊಂಡು ಹಿಂಡು ಸಾಲಾಗುತ್ತದೆ.

ಹೋಲಿಕೆಗೆ ನಮ್ಮ ಐಆರ್‌ಎಸ್-1ಎ ನೋಡೋಣ. 1988ರ ಮಾರ್ಚ್‌ನಲ್ಲಿ ಹಾರಿದ ಆ ಉಪಗ್ರಹ ಒಂದು ಜಾಗಕ್ಕೆ ಮತ್ತೆ ಬರಲು 22 ದಿನ ಹಿಡಿಯುತ್ತಿತ್ತು. ಬೆಳೆ, ಕೆರೆ, ಕಾಡು ಲೆಕ್ಕ ಹಾಕಲು ಅದು ಅದ್ಭುತವಾಗಿ ಕೆಲಸ ಮಾಡಿತು. ಆದರೆ 22 ದಿನದಲ್ಲಿ ಒಂದು ಗುಂಡಿ ತೋಡಿ ಮೇಲೆ ಗುಡಾರ ಹಾಕಿ ಮುಚ್ಚಿಬಿಡಬಹುದು.

ಗುಡಾರವೇ ಕೊಟ್ಟ ಸುಳಿವು

ಯುಮೆನ್‌ಗೆ ವಾಪಸ್ ಬರೋಣ. ಎವಲೆತ್ ಸುಮ್ನೆ ಮರುಭೂಮಿ ನೋಡುತ್ತಾ ಕೂತಿದ್ದಾಗ ಇದು ಸಿಕ್ಕಿದ್ದಲ್ಲ. ಅದಕ್ಕೂ ಮುಂಚೆ ಚೀನಾದ್ದೇ ಆದ ಒಳ ಮಂಗೋಲಿಯಾ ಪ್ರದೇಶದ ಜಿಲನ್‌ತಾಯ್ ಅನ್ನುವ ಕಡೆ ಚೀನಾದ ರಾಕೆಟ್ ಪಡೆಯ ತರಬೇತಿ ನೆಲೆಯಲ್ಲಿ ಕೆಲವು ಹೊಸ ಬಾವಿಗಳು ಕಾಣಿಸಿದ್ದವು. ಫೆಡರೇಷನ್ ಆಫ್ ಅಮೆರಿಕನ್ ಸೈಂಟಿಸ್ಟ್ಸ್ ಸಂಸ್ಥೆಯ ಹ್ಯಾನ್ಸ್ ಕ್ರಿಸ್ಟೆನ್ಸನ್ ಅವುಗಳ ಬಗ್ಗೆ ಬರೆದಿದ್ದರು. ಅಲ್ಲಿ ಗಮನಿಸಿದ ಒಂದು ಸಂಗತಿ ಅಂದರೆ, ಕೆಲಸ ನಡೆಯುವಾಗ ಗುಂಡಿಯ ಮೇಲೆ ಗಾಳಿ ತುಂಬಿ ಉಬ್ಬಿಸಿದ ದೊಡ್ಡ ಗುಡಾರ ಹಾಕುತ್ತಿದ್ದರು. ಧೂಳು, ಚಳಿಯಿಂದ ಕಾಂಕ್ರೀಟ್ ಕೆಲಸಕ್ಕೆ ರಕ್ಷಣೆ. ಮೇಲಿನಿಂದ ನೋಡುವ ಕಣ್ಣಿಗೂ ಮರೆ.

ಗುಡಾರ ಒಳಗಿನದನ್ನು ಮುಚ್ಚಿತು ನಿಜ. ಆದರೆ ಹತ್ತಾರು ಮೀಟರ್ ಅಗಲದ, ಬರಡು ನೆಲದ ಮೇಲೆ ಎದ್ದು ಕಾಣುವ ಅದೇ ಆಕಾರ ಗುರುತಾಗಿಬಿಟ್ಟಿತು. ಡವ್‌ನ ಮಂಕು ಕ್ಯಾಮೆರಾಕ್ಕೂ ಅಷ್ಟು ದೊಡ್ಡದು ಸಲೀಸಾಗಿ ಕಾಣುತ್ತದೆ. ಇಂಥದ್ದೇ ಗುಡಾರ ಬೇರೆಲ್ಲಾದರೂ ಇದೆಯಾ ಅಂತ ಎವಲೆತ್ ಉತ್ತರ ಚೀನಾದ ಒಣ ಪ್ರದೇಶಗಳನ್ನು ಜಾಲಾಡಿದರು. ಯುಮೆನ್‌ನಲ್ಲಿ ಸಿಕ್ಕಿತು.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ನನ್ನ ಮಟ್ಟಿಗೆ ಇಡೀ ಪ್ರಕರಣದ ಜೀವ ಇದರಲ್ಲಿದೆ. 2020ರಲ್ಲಿ ಅಗೆತ ಶುರುವಾದಾಗ ಈ ಸಂಶೋಧಕರು ಯುಮೆನ್ ಕಡೆ ನೋಡುತ್ತಿರಲಿಲ್ಲ. ಆದರೆ ಡವ್‌ಗಳು ಚಿತ್ರ ತೆಗೆಯುತ್ತಲೇ ಇದ್ದವು. ಅವಕ್ಕೆ ಯುಮೆನ್ ಬೇರೆ ಅಲ್ಲ, ಮೈಸೂರು ಬೇರೆ ಅಲ್ಲ. ದೊಡ್ಡ ಬೇಹುಗಾರಿಕೆ ಉಪಗ್ರಹಕ್ಕೆ ಎಲ್ಲಿ ನೋಡಬೇಕು ಅಂತ ಮೊದಲೇ ಹೇಳಬೇಕು. ಹೇಳದಿದ್ದರೆ ಚಿತ್ರ ಇಲ್ಲ. ಡವ್‌ಗೆ ಹೇಳುವ ಅಗತ್ಯವೇ ಇಲ್ಲ. ಹಾಗಾಗಿ 2021ರ ಜೂನಿನಲ್ಲಿ ಜಾಗ ಸಿಕ್ಕಮೇಲೆ ಸಂಶೋಧಕರು ಹಳೆಯ ಚಿತ್ರಗಳನ್ನು ಹಿಂದಕ್ಕೆ ತಿರುಗಿಸುತ್ತಾ ಹೋದರು. ಖಾಲಿ ನೆಲ ಇದ್ದ ದಿನ ಸಿಕ್ಕಿತು. ಮೊದಲ ರಸ್ತೆ ಮೂಡಿದ್ದು, ಮಣ್ಣು ಬಗೆದದ್ದು, ಗುಡಾರ ಎದ್ದದ್ದು, ಎಲ್ಲ ಸಿಕ್ಕಿತು. ದಿನಾ ಅದೇ ರಸ್ತೆಯಲ್ಲಿ ಬಸ್ಸಿಗೆ ಹೋಗುವವರಿಗೆ ಯಾವ ಸೈಟಿನಲ್ಲಿ ಯಾವಾಗ ಪಾಯ ಬಿತ್ತು, ಯಾವಾಗ ಮೋಲ್ಡ್ ಹಾಕಿದರು ಅಂತ ನೆನಪಿರುತ್ತದಲ್ವಾ? ಹಾಗೆ.

ಗಾಳಿಯಂತ್ರ ಇರಬಹುದಲ್ಲ?

ಸುದ್ದಿ ಹೊರಬಿದ್ದಮೇಲೆ ಚೀನಾದ ಕಡೆಯಿಂದ ಒಂದು ಮಾತು ಜೋರಾಗಿ ಓಡಾಡಿತು. ಅವು ಕ್ಷಿಪಣಿ ಬಾವಿಗಳಲ್ಲ, ಗಾಳಿಯಿಂದ ಕರೆಂಟ್ ಮಾಡುವ ಯಂತ್ರಗಳ ಪಾಯ ಅಂತ. ಇದನ್ನು ಸುಮ್ನೆ ತಳ್ಳಿಹಾಕುವಂತಿಲ್ಲ. ಗಾನ್ಸು ಪ್ರಾಂತ್ಯ ಜಗತ್ತಿನ ಅತಿ ದೊಡ್ಡ ಗಾಳಿ ವಿದ್ಯುತ್ ವಲಯಗಳಲ್ಲಿ ಒಂದು. ಯುಮೆನ್ ಸುತ್ತಲೇ ಗಾಳಿಯಂತ್ರಗಳಿವೆ. ಮರುಭೂಮಿಯಲ್ಲಿ ಸಾಲಾಗಿ ಗುಂಡಿ, ರಸ್ತೆ, ಕಾಂಕ್ರೀಟು. ಮೇಲುನೋಟಕ್ಕೆ ಎರಡೂ ಒಂದೇ.

ಹಾಗಾದರೆ ಬಿಡಿಸಿ ಹೇಳುವುದು ಹೇಗೆ? ಚಿತ್ರದುರ್ಗದ ಬೆಟ್ಟಗಳ ಮೇಲೆ, ಗದಗದ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳನ್ನು ನೋಡಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅವು ಕೆಲವು ನೂರು ಮೀಟರ್ ಅಂತರದಲ್ಲಿ ನಿಂತಿರುತ್ತವೆ. ಗಾಳಿ ಬೀಸುವ ದಿಕ್ಕಿಗೆ ಅಡ್ಡವಾಗಿ ಸಾಲು ಹಿಡಿಯುತ್ತವೆ. ಯುಮೆನ್‌ನಲ್ಲಿ ಅಂತರ 3 ಕಿಲೋಮೀಟರ್. ಗಾಳಿಯಂತ್ರಕ್ಕೆ ಅಷ್ಟು ದೂರ ಯಾರೂ ಇಡುವುದಿಲ್ಲ. ಕೇಬಲ್ಲಿಗೇ ದುಡ್ಡು ಮುಗಿದುಹೋಗುತ್ತದೆ. ಕ್ಷಿಪಣಿ ಬಾವಿಗೆ ಮಾತ್ರ ಆ ದೂರಕ್ಕೆ ಅರ್ಥವಿದೆ. ಶತ್ರುವಿನ ಒಂದು ಅಣು ಸಿಡಿತಲೆ ಬಿದ್ದರೆ ಒಂದೇ ಬಾವಿ ಹಾಳಾಗಬೇಕು, ಪಕ್ಕದ್ದು ಉಳಿಯಬೇಕು. ಎರಡನೆಯದು, ಗಾಳಿಯಂತ್ರದ ಪಾಯಕ್ಕೆ ಗುಡಾರ ಹಾಕುವುದಿಲ್ಲ. ಮೂರನೆಯದು, ನಡುನಡುವೆ ನೆಲದಡಿಯ ನಿಯಂತ್ರಣ ಕೋಣೆಗಳಂತೆ ಕಾಣುವ ಕಟ್ಟಡಗಳಿದ್ದವು. ಅಲ್ಲಿಂದ ಬಾವಿಗಳ ಕಡೆಗೆ ಕೇಬಲ್ ಹಾಕಲು ತೋಡಿದ ಕಾಲುವೆಗಳಿದ್ದವು.

ಇಷ್ಟಾದಮೇಲೂ ಯಾರಿಗಾದರೂ ಅನುಮಾನ ಇದ್ದರೆ, ಅದನ್ನು ಬಗೆಹರಿಸುವುದು ಕಾಲ. ಗಾಳಿಯಂತ್ರದ ಪಾಯ ಆಗಿದ್ದರೆ ಕೆಲವು ತಿಂಗಳಲ್ಲಿ ಅದರ ಮೇಲೆ ಕಂಬ ಏಳಬೇಕು. ಬೆಳಗಿನ ಬಿಸಿಲಿಗೆ ಅದರ ಉದ್ದನೆಯ ನೆರಳು ಮರಳಿನ ಮೇಲೆ ಬೀಳಬೇಕು. ಮುಂದಿನ ತಿಂಗಳುಗಳ ಚಿತ್ರಗಳಲ್ಲಿ ಕಂಬವೂ ಇಲ್ಲ, ನೆರಳೂ ಇಲ್ಲ. ಗುಡಾರ ತೆಗೆದಾಗ ಕಂಡದ್ದು ಬಾವಿಯ ಮುಚ್ಚಳ.

ಒಂದು ಸಿಕ್ಕಮೇಲೆ ಉಳಿದವು

ಒಂದೇ ತಿಂಗಳೊಳಗೆ, 2021ರ ಜುಲೈ ಕೊನೆಯಲ್ಲಿ, ಯುಮೆನ್‌ನಿಂದ ವಾಯವ್ಯಕ್ಕೆ ಸುಮಾರು 380 ಕಿಲೋಮೀಟರ್ ದೂರದ ಹಾಮಿಯಲ್ಲಿ ಇಂಥ ಬಾವಿಗಳ ಎರಡನೆಯ ಬಯಲು ಸಿಕ್ಕಿತು. ಇದು ಶಿನ್‌ಜಿಯಾಂಗ್ ಸ್ವಾಯತ್ತ ಪ್ರದೇಶ. ಕಂಡುಹಿಡಿದವರು ಫೆಡರೇಷನ್‌ನ ಮ್ಯಾಟ್ ಕೊರ್ಡಾ. ಆಗ ಅಲ್ಲಿ ಗುಡಾರ ಎದ್ದಿದ್ದು 14 ಕಡೆ ಮಾತ್ರ. ಇನ್ನು 19 ಕಡೆ ಮಣ್ಣು ತೆಗೆದು ಜಾಗ ಸಿದ್ಧ ಮಾಡಿದ್ದರು. ಕೆಲಸ ಶುರುವಾಗಿ ಇನ್ನೂ ಐದು ತಿಂಗಳೂ ಆಗಿರಲಿಲ್ಲ. ಆದರೂ ಚೌಕಳಿಯ ಗೆರೆಗಳನ್ನು ಹಿಡಿದು ಕೊನೆಗೆ ಸುಮಾರು 110 ಬಾವಿ ಆಗಬಹುದು ಅಂತ ಕೊರ್ಡಾ ಮತ್ತು ಕ್ರಿಸ್ಟೆನ್ಸನ್ ಅಂದಾಜು ಮಾಡಿದರು. ಆಗಸ್ಟ್‌ನಲ್ಲಿ ಮೂರನೆಯದು, ಒಳ ಮಂಗೋಲಿಯಾದ ಓರ್ಡೋಸ್ ಬಳಿ. ಅದನ್ನು ಗುರುತಿಸಿದವರು ಅಮೆರಿಕದ ವಾಯುಪಡೆಗೆ ಸೇರಿದ ಅಧ್ಯಯನ ಸಂಸ್ಥೆಯ ರಾಡ್ರಿಕ್ ಲೀ.

ಹಾಮಿಯಲ್ಲಿ ನಡೆದ ಕ್ರಮ ಈ ಕೆಲಸದ ಪಾಠದಂತಿದೆ. ಮೊದಲು ಕಡಿಮೆ ಚೂಪಿನ ಚಿತ್ರದಲ್ಲಿ ಸುಳಿವು ಸಿಕ್ಕಿತು. ಆಮೇಲೆ ಪ್ಲಾನೆಟ್ ತನ್ನ ಹೆಚ್ಚು ಚೂಪಿನ ಕಣ್ಣನ್ನು ಆ ಜಾಗಕ್ಕೆ ತಿರುಗಿಸಿ ಹತ್ತಿರದ ನೋಟ ಕೊಟ್ಟಿತು. ಸ್ಕೈಸ್ಯಾಟ್ ಅನ್ನುವ ಅದರ ಇನ್ನೊಂದು ಗುಂಪಿನ ಉಪಗ್ರಹಗಳು ಸುಮಾರು ಅರ್ಧ ಮೀಟರಿನ ವಸ್ತುವನ್ನೂ ತೋರಿಸುತ್ತವೆ. ಸಂಖ್ಯೆಯಲ್ಲಿ ಅವು ಕಡಿಮೆ. ಎಲ್ಲ ಕಡೆ ದಿನಾ ನೋಡಲು ಅವುಗಳಿಂದ ಆಗುವುದಿಲ್ಲ. ಎಲ್ಲಿ ನೋಡಬೇಕು ಅಂತ ಪಾರಿವಾಳದ ಹಿಂಡು ಹೇಳಬೇಕು. ಆಮೇಲೆ ಹದ್ದು ಹೋಗಬೇಕು.

ಸರ್ಕಾರಗಳು ಏನಂದವು? ಅಮೆರಿಕದ ಅಣ್ವಸ್ತ್ರಗಳನ್ನು ನೋಡಿಕೊಳ್ಳುವ ಸೇನಾ ಕಮಾಂಡ್ ಹಾಮಿ ಸುದ್ದಿ ಬಂದಾಗ ಒಂದು ಪ್ರತಿಕ್ರಿಯೆ ಕೊಟ್ಟಿತು. ನಾವು ಮೊದಲಿನಿಂದ ಹೇಳುತ್ತಾ ಬಂದದ್ದನ್ನು ಎರಡು ತಿಂಗಳಲ್ಲಿ ಎರಡನೇ ಸಲ ಸಾರ್ವಜನಿಕರೇ ಕಂಡುಕೊಂಡಿದ್ದಾರೆ ಅನ್ನುವ ಧಾಟಿಯಲ್ಲಿ. ಅವರ ಬಳಿ ಇನ್ನೂ ಚೂಪಾದ ಚಿತ್ರಗಳಿರಲೇಬೇಕು. ಆದರೆ ಆ ಗುಟ್ಟಿನ ಚಿತ್ರಗಳನ್ನು ಎಲ್ಲರ ಮುಂದೆ ಇಡುವಂತಿಲ್ಲ. ತೋರಿಸಿದರೆ ಕ್ಯಾಮೆರಾ ಎಂಥದ್ದು ಅಂತ ಎದುರಾಳಿಗೆ ಗೊತ್ತಾಗುತ್ತದೆ. ಮಾರುಕಟ್ಟೆಯಲ್ಲಿ ಸಿಗುವ ಚಿತ್ರಕ್ಕೆ ಆ ಮುಜುಗರ ಇಲ್ಲ. ಪತ್ರಿಕೆಯಲ್ಲಿ ಹಾಕಬಹುದು, ಬೇರೆ ದೇಶದ ಸಂಶೋಧಕ ಅದನ್ನೇ ತೆಗೆದುಕೊಂಡು ತಪ್ಪು ಹುಡುಕಬಹುದು.

ಚಿತ್ರ ಹೇಳದೆ ಬಿಟ್ಟದ್ದು

ಬಾವಿ ಕಂಡಿತು. ಒಳಗೆ ಎಷ್ಟು ಕ್ಷಿಪಣಿ ಇಡುತ್ತಾರೆ?

ಲೂಯಿಸ್ ಆಗಲೇ ಒಂದು ಸಾಧ್ಯತೆ ಮುಂದಿಟ್ಟರು. ಎಲ್ಲ ಬಾವಿಯಲ್ಲೂ ಕ್ಷಿಪಣಿ ಇಡಬೇಕು ಅಂತೇನಿಲ್ಲ. ಮೂರು ಬಟ್ಟಲಿನ ಕೆಳಗೆ ಒಂದು ಗೋಲಿ ಬಚ್ಚಿಟ್ಟು ಆಡಿಸುವ ಆಟದ ಹಾಗೆ, ಕೆಲವೇ ಕ್ಷಿಪಣಿಗಳನ್ನು ನೂರಾರು ಬಾವಿಗಳ ನಡುವೆ ಅದಲುಬದಲು ಮಾಡುತ್ತಿರಬಹುದು. ಎದುರಾಳಿ ಎಲ್ಲ ಬಾವಿಗೂ ಗುರಿಯಿಡಬೇಕಾಗುತ್ತದೆ. ಇದು ಕಲ್ಪನೆಯ ಮಾತಲ್ಲ. ಸ್ವತಃ ಅಮೆರಿಕವೇ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಾಲದಲ್ಲಿ 200 ಎಂಎಕ್ಸ್ ಕ್ಷಿಪಣಿಗಳನ್ನು ಯೂಟಾ, ನೆವಾಡಾ ರಾಜ್ಯಗಳ 4,600 ಅಡಗುತಾಣಗಳಲ್ಲಿ ಬಚ್ಚಿಡುವ ಯೋಜನೆ ಹಾಕಿತ್ತು. ಜಾರಿಗೆ ಬರಲಿಲ್ಲ.

2023ರ ಪೆಂಟಗನ್ ವರದಿಯ ಪ್ರಕಾರ ಮೂರೂ ಬಯಲುಗಳ ಕಟ್ಟುವ ಕೆಲಸ 2022ರಲ್ಲಿ ಮುಗಿದಿರುವ ಸಾಧ್ಯತೆ ಇದೆ. ಕನಿಷ್ಠ 300 ಹೊಸ ಬಾವಿಗಳು, ಅವುಗಳಲ್ಲಿ ಕೆಲವಕ್ಕಾದರೂ ಕ್ಷಿಪಣಿ ತುಂಬಲಾಗಿದೆ. ಫೆಡರೇಷನ್ ಎಣಿಕೆ 320: ಯುಮೆನ್‌ನಲ್ಲಿ 120, ಹಾಮಿಯಲ್ಲಿ 110, ಓರ್ಡೋಸ್ ಬಳಿ 90. ಈ ಎರಡು ಲೆಕ್ಕಗಳು ಇಷ್ಟು ಹತ್ತಿರ ಇರುವುದನ್ನು ನೋಡಿದರೆ ನನಗೆ ಸೋಜಿಗವಾಗುತ್ತದೆ. ಒಂದು ಕಡೆ ಜಗತ್ತಿನ ಅತಿ ದೊಡ್ಡ ಬೇಹುಗಾರಿಕೆ ಜಾಲ. ಇನ್ನೊಂದು ಕಡೆ ಕಂಪ್ಯೂಟರ್ ಮುಂದೆ ಕೂತ ಬೆರಳೆಣಿಕೆಯ ಜನ. ಆದರೆ 'ಕೆಲವಕ್ಕಾದರೂ' ಅನ್ನುವ ಪದದ ಒಳಗೆ ಏನಿದೆ ಅನ್ನುವುದು ಡವ್‌ಗೆ ಕಾಣುವುದಿಲ್ಲ. ಯಾಕೆ ಕಟ್ಟಿದರು ಅನ್ನುವುದಂತೂ ಯಾವ ಕ್ಯಾಮೆರಾಕ್ಕೂ ಕಾಣುವುದಿಲ್ಲ. ಅಮೆರಿಕದ ಕ್ಷಿಪಣಿ ತಡೆ ವ್ಯವಸ್ಥೆಯ ಭಯಕ್ಕೋ, ಮೊದಲ ಏಟಿನಲ್ಲೇ ಎಲ್ಲ ಕಳೆದುಕೊಳ್ಳುವ ಆತಂಕಕ್ಕೋ, ದೊಡ್ಡ ಶಕ್ತಿ ಅನಿಸಿಕೊಳ್ಳುವ ಆಸೆಗೋ, ಇವತ್ತಿಗೂ ತಜ್ಞರು ವಾದ ಮಾಡುತ್ತಲೇ ಇದ್ದಾರೆ.

ಈ ಪ್ರಕರಣ ಇಷ್ಟು ಸಲೀಸಾಗಿದ್ದಕ್ಕೆ ಕಾರಣಗಳೂ ಇದ್ದವು. ಬಾವಿ ಓಡಿಹೋಗುವುದಿಲ್ಲ. ಲಾರಿಯ ಮೇಲೆ ಹೊತ್ತು ತಿರುಗುವ ಕ್ಷಿಪಣಿ ಆಗಿದ್ದರೆ ದಿನಕ್ಕೊಂದು ಚಿತ್ರ ಏನೇನೂ ಸಾಲದು. ಡವ್‌ಗಳು ಬೆಳಿಗ್ಗೆ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ತಲೆಯ ಮೇಲೆ ಹಾದುಹೋಗುತ್ತವೆ. ಅದು ಗೊತ್ತಿದ್ದವರು ಮಧ್ಯಾಹ್ನವೋ ರಾತ್ರಿಯೋ ಕೆಲಸ ಮುಗಿಸಬಹುದು. ಜೊತೆಗೆ ಗೋಬಿಯ ಆಕಾಶ ವರ್ಷದ ಬಹುಪಾಲು ತಿಳಿ. ನಮ್ಮ ಮಲೆನಾಡನ್ನು ಜುಲೈ ತಿಂಗಳಲ್ಲಿ ಮೇಲಿನಿಂದ ನೋಡಿದರೆ ಸಿಗುವುದು ಬರೀ ಬಿಳಿ ಮೋಡ. 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡಗಳು ಕುಸಿದಾಗ ಮಳೆ ಬಿಟ್ಟೇ ಇರಲಿಲ್ಲ. ಬೆಳಕಿನ ಕ್ಯಾಮೆರಾ ಎಷ್ಟೇ ಸಲ ಹಾದುಹೋದರೂ ಅಂಥ ದಿನಗಳಲ್ಲಿ ಕುರುಡು.

ಅದಕ್ಕೆ ಬೇಕಾದ್ದು ರಾಡಾರ್. ಮೋಡ, ಕತ್ತಲೆ ಎರಡನ್ನೂ ದಾಟುತ್ತದೆ. ಹಿಂದೆ ಅದಕ್ಕೆ ಭಾರೀ ಉಪಗ್ರಹವೇ ಬೇಕಾಗಿತ್ತು. ನೂರು ಕಿಲೊ ಒಳಗೆ ಮಾಡಿ ತೋರಿಸಿದ್ದು ಫಿನ್ಲೆಂಡಿನ ಐಸ್‌ಐ ಕಂಪನಿ. ಅದರ ಮೊದಲ ಉಪಗ್ರಹವನ್ನೂ 2018ರ ಜನವರಿ 12ರಂದು ಹೊತ್ತೊಯ್ದದ್ದು ನಮ್ಮ ಪಿಎಸ್‌ಎಲ್‌ವಿಯೇ. 2022ರಲ್ಲಿ ಯುಕ್ರೇನಿನ ಒಂದು ಜನಸೇವಾ ಪ್ರತಿಷ್ಠಾನ ಸಾರ್ವಜನಿಕರಿಂದ ಕೂಡಿಸಿದ ದುಡ್ಡಿನಲ್ಲಿ ಅದೇ ಕಂಪನಿಯ ಒಂದು ಉಪಗ್ರಹದ ಸೇವೆಯನ್ನು ತನ್ನ ಸೈನ್ಯಕ್ಕೆ ಕೊಡಿಸಿತು.

ಗಲ್ವಾನ್, ಮತ್ತು ಕೀಲಿ ಯಾರ ಕೈಲಿ ಅನ್ನುವ ಪ್ರಶ್ನೆ

ಯುಮೆನ್‌ಗೆ ಒಂದು ವರ್ಷ ಮುಂಚೆ ಇವೇ ಚಿತ್ರಗಳು ನಮ್ಮ ಎದೆಗೆ ಹತ್ತಿರದ ಒಂದು ಜಾಗವನ್ನು ತೋರಿಸಿದ್ದವು. 2020ರ ಜೂನ್ 15ರ ರಾತ್ರಿ ಗಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಮರುದಿನ ಬೆಳಿಗ್ಗೆ ಪ್ಲಾನೆಟ್ ತೆಗೆದ ಚಿತ್ರಗಳನ್ನು ರಾಯಿಟರ್ಸ್ ಪ್ರಕಟಿಸಿತು. ಹಿಂದಿನ ವಾರದ ಚಿತ್ರದ ಪಕ್ಕ ಇಟ್ಟು ನೋಡಿದರೆ ನದಿ ಪಾತ್ರದಲ್ಲಿ ಯಂತ್ರಗಳು, ಬದಲಾದ ನೆಲ ಕಾಣುತ್ತಿತ್ತು. ಅವನ್ನು ನೋಡಿ ಅಭಿಪ್ರಾಯ ಕೊಟ್ಟವರಲ್ಲಿ ಅದೇ ಜೆಫ್ರಿ ಲೂಯಿಸ್ ಇದ್ದರು. ನಮ್ಮ ಗಡಿಯಲ್ಲಿ ನಡೆದದ್ದನ್ನು ನಾವು ಕ್ಯಾಲಿಫೋರ್ನಿಯಾದ ಕಂಪನಿಯ ಚಿತ್ರದಲ್ಲಿ ನೋಡಿದೆವು.

ಇದು ನನ್ನನ್ನು ಕಾಡುವ ವಿಷಯ. ಕಂಪನಿ ಖಾಸಗಿಯಾದರೂ ಅದಕ್ಕೆ ಪರವಾನಗಿ ಕೊಡುವುದು ಅದರ ದೇಶದ ಸರ್ಕಾರ. 2025ರ ಮಾರ್ಚ್‌ನಲ್ಲಿ ಅಮೆರಿಕ ಸರ್ಕಾರ ತಾನು ಕೊಡಿಸಿದ್ದ ವಾಣಿಜ್ಯ ಚಿತ್ರಗಳ ಸೌಲಭ್ಯವನ್ನು ಯುಕ್ರೇನಿಗೆ ಕೆಲವು ದಿನ ನಿಲ್ಲಿಸಿತು. ಯುದ್ಧದ ನಡುವೆ ಒಂದು ದೇಶದ ಕಣ್ಣಿಗೆ ಹೀಗೆ ಬಟ್ಟೆ ಕಟ್ಟಬಹುದು ಅಂದಮೇಲೆ, ಬಾಡಿಗೆ ಕಣ್ಣನ್ನು ಎಷ್ಟು ನಂಬುವುದು?

ಭಾರತ ಇದನ್ನು ಯೋಚಿಸಿಲ್ಲ ಅಂತಲ್ಲ. 2024ರ ಅಕ್ಟೋಬರಿನಲ್ಲಿ ಕೇಂದ್ರದ ಭದ್ರತಾ ಸಂಪುಟ ಸಮಿತಿ 52 ಕಣ್ಗಾವಲು ಉಪಗ್ರಹಗಳ ಯೋಜನೆಗೆ ಒಪ್ಪಿಗೆ ಕೊಟ್ಟಿತು. 21 ಇಸ್ರೋ ಕಟ್ಟುವುದು, 31 ಖಾಸಗಿಯವರು ಕಟ್ಟುವುದು. ಇನ್ನೊಂದು ಕೆಲಸ ಬೆಂಗಳೂರಿನಲ್ಲಿ ನಡೆಯುತ್ತಿದೆ. ಚಿಕ್ಕಮಗಳೂರು ಜಿಲ್ಲೆಯ ಆಲ್ದೂರಿನ ಅವೈಸ್ ಅಹಮದ್ ತಮ್ಮ ಗೆಳೆಯ ಕ್ಷಿತಿಜ್ ಖಂಡೇಲ್‌ವಾಲ್ ಜೊತೆ ಓದುತ್ತಿದ್ದಾಗಲೇ ಕಟ್ಟಿದ ಪಿಕ್ಸೆಲ್ ಕಂಪನಿ 2025ರ ಜನವರಿಯಲ್ಲಿ ಮೂರು, ಆಗಸ್ಟ್‌ನಲ್ಲಿ ಮತ್ತೆ ಮೂರು 'ಫೈರ್‌ಫ್ಲೈ' ಉಪಗ್ರಹಗಳನ್ನು ಹಾರಿಸಿತು. ಮಿಂಚುಹುಳು ಅನ್ನುವ ಹೆಸರು. ಇವು ಬೆಳಕನ್ನು ನೂರಕ್ಕೂ ಹೆಚ್ಚು ತೆಳು ಪಟ್ಟಿಗಳಾಗಿ ಒಡೆದು ನೋಡುತ್ತವೆ. ಒಂದೇ ಹಸಿರಾಗಿ ಕಾಣುವ ಎಲೆ ಮತ್ತು ಮರೆಮಾಚಲು ಬಣ್ಣ ಬಳಿದ ಬಲೆ ಇವುಗಳ ಕಣ್ಣಿಗೆ ಬೇರೆ ಬೇರೆ. 2025ರ ಆಗಸ್ಟ್‌ನಲ್ಲೇ ಪಿಕ್ಸೆಲ್ ಮುಂದಾಳತ್ವದ ಕೂಟ, ಅಂದರೆ ಸ್ಯಾಟ್‌ಶ್ಯೂರ್, ಧ್ರುವ ಸ್ಪೇಸ್, ಪಿಯರ್‌ಸೈಟ್ ಜೊತೆಗೂಡಿ, 12 ಭೂವೀಕ್ಷಣಾ ಉಪಗ್ರಹಗಳ ದೇಶೀಯ ಜಾಲ ಕಟ್ಟುವ ಜವಾಬ್ದಾರಿ ಪಡೆಯಿತು. ರಾಡಾರ್ ಕೂಡ ಅದರಲ್ಲಿ ಸೇರಿದೆ. ಹೂಡಿಕೆ 1,200 ಕೋಟಿ ರೂಪಾಯಿಗೂ ಹೆಚ್ಚು.

12 ಅಂದರೆ 88ರ ಮುಂದೆ ಕಡಿಮೆ ಅನ್ನಿಸಬಹುದು. ಆದರೆ ಇಡೀ ಭೂಮಿಯನ್ನು ದಿನಾ ನೋಡುವ ಗುರಿ ನಮಗೆ ಬೇಕಾಗಿಲ್ಲ. ನಮ್ಮ ಗಡಿ, ಕರಾವಳಿ, ಹಿಮಾಲಯದ ಸರೋವರಗಳು, ಘಟ್ಟದ ಇಳಿಜಾರು, ಇಷ್ಟನ್ನು ಬೇಕಾದಾಗಲೆಲ್ಲ ನೋಡಬಹುದಾದರೆ ದೊಡ್ಡ ಕೆಲಸ. ನನಗೆ ಕಾಡುವುದು ಇನ್ನೊಂದು. ಯುಮೆನ್‌ನಲ್ಲಿ ಉಪಯೋಗಕ್ಕೆ ಬಂದದ್ದು ಹಿಂದಿನ ದಿನಗಳ ಚಿತ್ರ. ಯಾರೂ ಕೇಳದಿದ್ದಾಗ ತೆಗೆದು ಜೋಪಾನವಾಗಿ ಇಟ್ಟದ್ದು. ನಮ್ಮ ಜಾಲದ ಚಿತ್ರಗಳು ಯಾರಿಗೆ ಸಿಗುತ್ತವೆ? ಧಾರವಾಡದ ಭೂಗೋಳ ವಿದ್ಯಾರ್ಥಿಗೆ, ಮಂಗಳೂರಿನ ಪತ್ರಕರ್ತೆಗೆ, ಮಡಿಕೇರಿಯಲ್ಲಿ ಗುಡ್ಡದ ಬಿರುಕು ನೋಡಿ ಹೆದರಿದ ಕಾಫಿ ಬೆಳೆಗಾರರಿಗೆ ಹಳೆಯ ಚಿತ್ರ ತೆರೆದು ನೋಡುವ ಅವಕಾಶ ಇರುತ್ತದಾ, ಅಥವಾ ಎಲ್ಲ ಇಲಾಖೆಯ ಬೀರುವಿನಲ್ಲೇ ಇರುತ್ತದಾ? ಯುಮೆನ್ ಕಂಡುಹಿಡಿದದ್ದು ಇಲಾಖೆಯವರಲ್ಲ. ಚಿತ್ರ ಕೈಗೆ ಸಿಕ್ಕಿದ್ದ, ಗುಡಾರದ ಆಕಾರ ನೆನಪಿಟ್ಟುಕೊಂಡಿದ್ದ ಒಬ್ಬ ಯುವಕ.